ದಾರಿಯಲ್ಲಿ ಉಳಿದುಹೋದ ಗ್ರಂಥಿ

ಈ ಬರಹವನ್ನು ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಲೇ ಬಂದಿದ್ದೆ. ನಾನು ಡಾಕ್ಟರನಲ್ಲ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರು ನೋಡಿ ನಿವೃತ್ತನಾದವನು. ನನಗ್ಯಾಕೆ ಈ ಉಸಾಬರಿ ಅಂತ ಸುಮ್ಮನಿದ್ದೆ. ಮೊನ್ನೆ ಅಕ್ಕನೇ ಫೋನಿನಲ್ಲಿ, "ಊರಿನ ಸುದ್ದಿ, ಯಕ್ಷಗಾನದ ಸುದ್ದಿ, ಲೋಕಲ್ ಟ್ರೈನಿನ ಸುದ್ದಿ ಎಲ್ಲಾ ಬರೀತಿ. ನನ್ನ ತಲೆಯೊಳಗೆ ನಡೆದ ಕಥೆ ಬರೀಲಿಕ್ಕೆ ನಿನಗೆ ಎಂತ ದಾಡಿ?" ಅಂದಳು. ಅಕ್ಕನ ಅಪ್ಪಣೆಯಾದ ಮೇಲೆ ಮುಗಿಯಿತಲ್ಲ!

ಕಥೆ ಶುರುವಾದದ್ದು 2011ರಲ್ಲಿ. ಅಕ್ಕ ಡೊಂಬಿವಲಿಯಲ್ಲಿರುತ್ತಾಳೆ, ಮದುವೆಯಾಗಿ ಬಂದಾಗಿನಿಂದ ಅಲ್ಲೇ. ಆ ವರ್ಷ ಊರಿನ ರಥೋತ್ಸವಕ್ಕೆ ಹೋದಾಗ ಎಲ್ಲರದ್ದೂ ಒಂದೇ ಮಾತು. "ಮುಂಬಯಿ ನೀರು ಚೆನ್ನಾಗಿ ಹಿಡಿಸಿದೆ ನೋಡು, ಮುಖ ಹುಣ್ಣಿಮೆ ಚಂದ್ರನ ಹಾಗಾಗಿದೆ!" ಅಕ್ಕನೂ ನಕ್ಕಳು. ಆದರೆ ಆ ಚಂದ್ರ ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಹೋಯಿತು. ಹೊಟ್ಟೆ ಬಂತು, ಕೈಕಾಲು ಸಣ್ಣಗಾಯಿತು. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆಗಳು ಮೂಡಿದವು. ಬಿ.ಪಿ. ಬಂತು, ಸಕ್ಕರೆ ಕಾಯಿಲೆ ಬಂತು. ಬಾಗಿಲಿನ ಚಿಲಕ ತಾಗಿದರೂ ಚರ್ಮ ಕಪ್ಪುಗಟ್ಟುತ್ತಿತ್ತು. ಒಂದು ದಿನ ಹಾಸಿಗೆ ಮಡಿಸಲು ಬಗ್ಗಿದವಳಿಗೆ ಬೆನ್ನುಮೂಳೆಯಲ್ಲಿ ಬಿರುಕು. ಬಿ.ಪಿ.ಗೆ ಒಬ್ಬರು, ಸಕ್ಕರೆಗೆ ಒಬ್ಬರು, ಬೆನ್ನಿಗೆ ಒಬ್ಬರು ಡಾಕ್ಟರು. ಎಲ್ಲರದ್ದೂ ಕೊನೆಯ ಸಲಹೆ ಒಂದೇ: ತೂಕ ಇಳಿಸಿ. ಅಕ್ಕ ಅನ್ನ ಬಿಟ್ಟಳು, ಬೆಳಿಗ್ಗೆ ಐದಕ್ಕೆದ್ದು ನಡೆದಳು. ತೂಕ ಇಳಿಯಲಿಲ್ಲ. ಮನೆಯವರೂ, ನಾನೂ ಸೇರಿಯೇ, ಇವಳು ಕದ್ದು ತಿನ್ನುತ್ತಾಳೇನೋ ಅಂತ ಅಂದುಕೊಂಡದ್ದುಂಟು. ಆ ಪಾಪ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಎರಡು ವರ್ಷದ ನಂತರ ಒಬ್ಬ ಡಾಕ್ಟರು ಅವಳ ಮುಖ ನೋಡಿದ ಕೂಡಲೇ ಕಾಯಿಲೆಯ ಹೆಸರು ಹೇಳಿದರು: ಕುಶಿಂಗ್. ದೇಹದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಮಿತಿ ಮೀರಿದೆ ಅಂತ. ರಾತ್ರಿ 11ಕ್ಕೆ ಒಂದು ಮಾತ್ರೆ ನುಂಗಿಸಿ ಬೆಳಿಗ್ಗೆ 8ಕ್ಕೆ ರಕ್ತ ತೆಗೆದರು, ದಿನವಿಡೀ ಮೂತ್ರ ಹಿಡಿಸಿ ಪರೀಕ್ಷಿಸಿದರು. ಕಾರ್ಟಿಸೋಲನ್ನು ಮಾಡುವುದು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು. ಅವಕ್ಕೆ ಆಜ್ಞೆ ಕೊಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನಿನ ಮೂಲಕ. ಅಕ್ಕನ ರಕ್ತದಲ್ಲಿ ಎಸಿಟಿಎಚ್ ಕೂಡ ಹೆಚ್ಚಿತ್ತು. ಅಂದರೆ ಪಿಟ್ಯುಟರಿಯಲ್ಲಿ ಸಣ್ಣ ಗೆಡ್ಡೆ ಇರಬೇಕು. ಎಂ.ಆರ್.ಐ. ಮಾಡಿಸಿದೆವು. ವರದಿ ಬಂತು: "ಪಿಟ್ಯುಟರಿ ನಾರ್ಮಲ್."

ಮತ್ತೊಂದು ಕಡೆ ಮತ್ತೊಂದು ಎಂ.ಆರ್.ಐ. ಮತ್ತೆ ನಾರ್ಮಲ್. ಒಂದು ದೊಡ್ಡ ಆಸ್ಪತ್ರೆಯಲ್ಲಿ, "ಕಾಣದಿದ್ದರೂ ಅಲ್ಲೇ ಇರುತ್ತದೆ, ತೆರೆದು ಗ್ರಂಥಿಯ ಅರ್ಧ ಭಾಗ ತೆಗೆಯೋಣ" ಅಂದರು. ಅದೂ ಆಗದಿದ್ದರೆ ಎರಡೂ ಅಡ್ರಿನಲ್ ತೆಗೆದುಬಿಡುವುದು. ದಿನ ಗೊತ್ತಾಯಿತು. ಭಾವ ದುಡ್ಡು ಹೊಂದಿಸಲು ಓಡಾಡುತ್ತಿದ್ದರು. ಅಷ್ಟರಲ್ಲಿ ಎರಡನೇ ಅಭಿಪ್ರಾಯಕ್ಕೆಂದು ಅಕ್ಕನ ಮಗಳು ಫೈಲು ಹಿಡಿದುಕೊಂಡು ಬೇರೊಂದು ಆಸ್ಪತ್ರೆಯ ಯುವ ಡಾಕ್ಟರೊಬ್ಬರ ಹತ್ತಿರ ಹೋದಳು. ಅವರು ವರದಿ ಓದಲೇ ಇಲ್ಲವಂತೆ. ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿ ಚಿತ್ರಗಳನ್ನೇ ಒಂದೊಂದಾಗಿ ನೋಡುತ್ತಾ ಹೇಳಿದರು: "ಗ್ರಂಥಿಯಲ್ಲಿ ಇಲ್ಲ ಅಂದರೆ, ಗ್ರಂಥಿ ಬಂದ ದಾರಿಯಲ್ಲಿ ಹುಡುಕಬೇಕು."

ಗ್ರಂಥಿ ಬಂದ ದಾರಿ! ಗ್ರಂಥಿ ಎಲ್ಲಿಂದ ಬರುತ್ತದೆ? ಅದು ಹುಟ್ಟಿದ ಜಾಗದಲ್ಲೇ ಇರುವುದಲ್ಲವೇ? ಆ ಒಂದು ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ನಿವೃತ್ತನಿಗೆ ಸಮಯಕ್ಕೇನು ಬರ? ಓದುತ್ತಾ ಹೋದೆ. ಓದಿದಷ್ಟೂ ಇದು ಎರಡು ಸಾವಿರ ವರ್ಷ ಹಿಂದಿನಿಂದ ಬಂದ ಕಥೆ ಅಂತ ಗೊತ್ತಾಯಿತು. ಆ ಕಥೆಯನ್ನೇ ನಿಮಗೆ ಹೇಳುತ್ತೇನೆ.

*

ಮೊದಲು ಹೆಸರಿನಿಂದ ಶುರುಮಾಡೋಣ. ಲ್ಯಾಟಿನ್ನಿನಲ್ಲಿ 'ಪಿಟ್ಯುಯಿಟಾ' ಅಂದರೆ ಕಫ, ಸಿಂಬಳ. ಪಿಟ್ಯುಟರಿ ಅಂದರೆ ನೇರವಾಗಿ ಹೇಳುವುದಾದರೆ ಸಿಂಬಳದ ಗ್ರಂಥಿ! ದೇಹದ ಅಷ್ಟೆಲ್ಲಾ ಗ್ರಂಥಿಗಳ ಮೇಲೆ ದರ್ಬಾರು ನಡೆಸುವ ಅರ್ಧ ಗ್ರಾಮಿನ ಈ ಮಹಾಶಯನಿಗೆ ಇಂಥ ಹೆಸರು ಹೇಗೆ ಬಂತು?

ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್‌ನ ಲೆಕ್ಕದಲ್ಲಿ, ಮಿದುಳು ಕೆಲಸ ಮಾಡುವಾಗ ಹುಟ್ಟುವ ಕೊಳೆ ಒಂದು ಆಲಿಕೆಯಂಥ ಕೊಳವೆಯಲ್ಲಿ ಕೆಳಗಿಳಿದು, ಈ ಗ್ರಂಥಿಯಲ್ಲಿ ಸೋಸಿ, ಎಲುಬಿನ ತೂತುಗಳ ಮೂಲಕ ಮೂಗು ಮತ್ತು ಬಾಯಿಗೆ ಕಫವಾಗಿ ಬರುತ್ತದೆ. ನಮ್ಮ ಬಚ್ಚಲ ಮೋರಿಯ ಜಾಲರಿ ಇದ್ದ ಹಾಗೆ. ನೆಗಡಿ ಅಂದರೆ ಮಿದುಳು ಸೋರುವುದು. ಈ ನಂಬಿಕೆ ಸಾವಿರದ ನಾನೂರು ವರ್ಷ ನಡೆಯಿತು. 1543ರಲ್ಲಿ ಮನುಷ್ಯ ದೇಹದ ರಚನೆಯ ಬಗ್ಗೆ ಮಹಾಗ್ರಂಥ ಬರೆದ ವೆಸೇಲಿಯಸ್, ಗೇಲನ್‌ನ ಎಷ್ಟೋ ತಪ್ಪುಗಳನ್ನು ತಿದ್ದಿದವನು, ಇದನ್ನು ಮಾತ್ರ ತಿದ್ದಲಿಲ್ಲ. ಅವನೂ ಇದನ್ನು ಮಿದುಳಿನ ಕಫವನ್ನು ತುಂಬಿಕೊಳ್ಳುವ ಗ್ರಂಥಿ ಎಂದೇ ಕರೆದ.

ದಾರಿ ಮುಚ್ಚಿದವನು ಜರ್ಮನಿಯ ವಿಟೆನ್‌ಬರ್ಗಿನ ಕಾನ್ರಾಡ್ ವಿಕ್ಟರ್ ಶ್ನೈಡರ್. 1655ರಲ್ಲಿ ಮೂಗಿನ ಮೇಲಿನ ಜರಡಿ ಎಲುಬಿನ ಬಗ್ಗೆ, 1660ರಿಂದ ನೆಗಡಿಯ ಬಗ್ಗೆ ಸಂಪುಟಗಳನ್ನೇ ಬರೆದು, ಸಿಂಬಳ ಹುಟ್ಟುವುದು ಮೂಗಿನ ಒಳಪದರದಲ್ಲೇ, ಮಿದುಳಿನಿಂದ ಒಂದು ಹನಿಯೂ ಇಳಿಯುವುದಿಲ್ಲ ಎಂದು ತೋರಿಸಿದ. ಇಂಗ್ಲೆಂಡಿನ ರಿಚರ್ಡ್ ಲೋವರ್ ಕೂಡ ಸ್ವಲ್ಪ ಕಾಲದಲ್ಲೇ ಇದನ್ನೇ ಹೇಳಿದ. ಅಲ್ಲಿಗೆ ಮಿದುಳಿನ ಬುಡದ ಗ್ರಂಥಿಗೂ ಮೂಗು ಬಾಯಿಗೂ ಸಂಬಂಧ ಕಡಿಯಿತು. 1778ರಲ್ಲಿ ಸಾಮ್ಯುಯೆಲ್ ಥಾಮಸ್ ಸೋಮರಿಂಗ್ 'ಹೈಪೋಫಿಸಿಸ್', ಅಂದರೆ ಕೆಳಗೆ ಬೆಳೆದದ್ದು, ಎಂಬ ಹೊಸ ಹೆಸರಿಟ್ಟ. ಆದರೆ ಹಳೆಯ ಹೆಸರು ಹೋಗಲಿಲ್ಲ. ವಿಕ್ಟೋರಿಯಾ ಟರ್ಮಿನಸ್ ಹೆಸರು ಬದಲಾದ ಮೇಲೂ ನಾವು 'ವೀಟಿ' ಅನ್ನುತ್ತೇವಲ್ಲ, ಹಾಗೆ.

ಈಗ ನೋಡಿ ತಮಾಷೆ. ಮುಚ್ಚಿಹೋದ ಆ ದಾರಿಯನ್ನು 1838ರಲ್ಲಿ ಒಬ್ಬ ಮತ್ತೆ ಕಂಡುಹಿಡಿದ. ಆದರೆ ತಿರುವುಮುರುವಾಗಿ! ಡಾಂಟ್ಸಿಗ್‌ನಲ್ಲಿ ಹುಟ್ಟಿ ಕೋನಿಗ್ಸ್‌ಬರ್ಗಿನಲ್ಲಿ ಪ್ರೊಫೆಸರಾಗಿದ್ದ ಮಾರ್ಟಿನ್ ಹೈನ್‌ರಿಕ್ ರಾಟ್ಕೆ ಪ್ರಾಣಿಗಳ ಭ್ರೂಣಗಳನ್ನು ಪರೀಕ್ಷಿಸುತ್ತಿದ್ದವನು. ಪಿಟ್ಯುಟರಿ ಹೇಗೆ ಹುಟ್ಟುತ್ತದೆ ಎಂದು ಹುಡುಕುವಾಗ ಅವನಿಗೆ ಕಂಡದ್ದು ಬಾಯಿಯ ಮೇಲ್ಛಾವಣಿಯಲ್ಲಿ ಮೇಲ್ಮುಖವಾಗಿ ಹೊರಟ ಒಂದು ಪುಟ್ಟ ಚೀಲ. ಇಂದಿಗೂ ಅದಕ್ಕೆ ರಾಟ್ಕೆಯ ಚೀಲ ಎಂದೇ ಹೆಸರು.

ಮನುಷ್ಯ ಭ್ರೂಣದಲ್ಲಿ ನಾಲ್ಕನೇ ವಾರದ ಹೊತ್ತಿಗೆ ಈ ಚೀಲ ಬಾಯಿಯ ಛಾವಣಿಯಿಂದ ಮೇಲಕ್ಕೆ ಹೊರಡುತ್ತದೆ. ಮೇಲಿನಿಂದ ಮಿದುಳಿನ ಒಂದು ಕುಡಿ ಕೆಳಕ್ಕೆ ಇಳಿಯುತ್ತದೆ. ಎರಡೂ ಸಂಧಿಸಿ ಒಂದು ಗ್ರಂಥಿಯಾಗುತ್ತವೆ. ಮುಂದಿನ ಭಾಗ ಬಾಯಿಯ ಕಡೆಯದು, ಹಿಂದಿನ ಭಾಗ ಮಿದುಳಿನ ಕಡೆಯದು. ಎಂಟನೇ ವಾರದ ಸುಮಾರಿಗೆ ಚೀಲದ ದಂಟು ಕರಗಿ ಬಾಯಿಯೊಂದಿಗಿನ ನಂಟು ಹರಿಯುತ್ತದೆ. ಮಧ್ಯದಲ್ಲಿ ಸ್ಫೀನಾಯ್ಡ್ ಎಂಬ ಮೂಳೆ ಬೆಳೆದು ದಾರಿಗೆ ಗೋಡೆ ಎಬ್ಬಿಸುತ್ತದೆ. ಆ ಮೂಳೆಯ ಮೇಲೆ ಕುದುರೆಯ ಜೀನಿನ ಹಾಗೆ ಒಂದು ತಗ್ಗು ಇದೆ. ಪಿಟ್ಯುಟರಿಯ ಖಾಯಂ ವಿಳಾಸ ಅದು.

ಅಂದರೆ ಪಿಟ್ಯುಟರಿಯ ಮುಂದಿನ ಭಾಗ ವಲಸಿಗ! ಹುಟ್ಟಿದ್ದು ಬಾಯಿಯಲ್ಲಿ, ಬಾಳುವುದು ಮಿದುಳಿನ ಬುಡದಲ್ಲಿ. ಗೇಲನ್ ಹೇಳಿದ ದಾರಿ ಇದ್ದದ್ದು ನಿಜ, ಆದರೆ ಅದರಲ್ಲಿ ಕಫ ಕೆಳಗಿಳಿಯುವುದಲ್ಲ, ಗ್ರಂಥಿಯೇ ಮೇಲೆ ಹತ್ತಿ ಹೋಗುವುದು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮದೇ ಕಥೆ. ಎಪ್ಪತ್ತರ ದಶಕದಲ್ಲಿ ಕೊಂಕಣ ರೈಲು ಎಲ್ಲಿತ್ತು? ಬಸ್ಸಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ಮುಂಬಯಿ. ಹೊರಟವರೆಲ್ಲಾ ಮುಂಬಯಿ ಮುಟ್ಟಲಿಲ್ಲ. ಕೆಲವರು ಹುಬ್ಬಳ್ಳಿಯಲ್ಲಿ ಇಳಿದರು, ಕೆಲವರು ಕೊಲ್ಹಾಪುರದಲ್ಲಿ. ಅಲ್ಲೇ ಒಂದು ಉಡುಪಿ ಹೋಟೆಲು ಇಟ್ಟರು. ಮಾಟುಂಗದಲ್ಲಿ ಸಿಗುವ ಅದೇ ದೋಸೆ, ಅದೇ ಸಾಂಬಾರು. ಊರು ಬೇರೆ, ಕೈ ಒಂದೇ. ಪಿಟ್ಯುಟರಿಯ ಪಯಣದಲ್ಲೂ ಹೀಗೇ. ಕೆಲವು ಜೀವಕೋಶಗಳು ದಾರಿಯಲ್ಲೇ ಇಳಿದುಬಿಡುತ್ತವೆ. ಗಂಟಲ ಹಿಂಭಾಗದ ಛಾವಣಿಯಲ್ಲಿ ಇಂಥ ಪುಟ್ಟ ಪಿಟ್ಯುಟರಿಯ ಚೂರು ಹೆಚ್ಚುಕಡಿಮೆ ನಮ್ಮೆಲ್ಲರಲ್ಲೂ ಇದೆ. ನನ್ನಲ್ಲಿ, ನಿಮ್ಮಲ್ಲಿ. ಯಾವ ತಂಟೆ ತಕರಾರೂ ಇಲ್ಲದೆ ಜೀವನಪೂರ್ತಿ ಅಲ್ಲೇ ಇರುತ್ತದೆ.

ಅಪರೂಪಕ್ಕೊಮ್ಮೆ, ಬಹಳ ಅಪರೂಪಕ್ಕೊಮ್ಮೆ, ದಾರಿಯಲ್ಲಿ ಇಳಿದ ಇಂಥ ಕೋಶಗಳು ಗೆಡ್ಡೆಯಾಗಿ ಬೆಳೆಯುತ್ತವೆ.

*

ಇದನ್ನು ಮೊದಲು ತೋರಿಸಿಕೊಟ್ಟವನ ಬಗ್ಗೆ ಹೇಳುವ ಮೊದಲು ಒಂದು ಹಿನ್ನೆಲೆ ಬೇಕು. 1886ರಲ್ಲಿ ಪ್ಯಾರಿಸಿನ ಪಿಯರ್ ಮರೀ ಎಂಬ ವೈದ್ಯ ಕೈಕಾಲು, ದವಡೆ, ಮೂಗು ದೊಡ್ಡದಾಗುತ್ತಾ ಹೋಗುವ ಕಾಯಿಲೆಯೊಂದನ್ನು ವಿವರಿಸಿ ಆಕ್ರೋಮೆಗಲಿ ಎಂದು ಹೆಸರಿಟ್ಟ. ಮರುವರ್ಷವೇ ಓಸ್ಕರ್ ಮಿಂಕೋವ್ಸ್ಕಿ, ಇಂಥ ರೋಗಿಗಳಲ್ಲಿ ಪಿಟ್ಯುಟರಿ ದೊಡ್ಡದಾಗಿರುತ್ತದೆ ಎಂದು ಗಮನ ಸೆಳೆದ. 1900ರಲ್ಲಿ ಬರ್ಲಿನ್ನಿನ ಕಾರ್ಲ್ ಬೆಂಡಾ ಆ ಗೆಡ್ಡೆಗಳಲ್ಲಿರುವುದು ಗ್ರಂಥಿಯ ಮುಂಭಾಗದ ಕೋಶಗಳೇ ಎಂದು ತೋರಿಸಿದ. ಸಿಂಬಳದ ಗ್ರಂಥಿಗೆ ಮೊದಲ ಬಾರಿಗೆ ಮರ್ಯಾದೆ ಬಂತು. ಆದರೆ ವಾದ ಮುಗಿದಿರಲಿಲ್ಲ. ಗ್ರಂಥಿ ಕೆಟ್ಟು ರೋಗ ಬಂತೋ, ರೋಗ ಬಂದು ಗ್ರಂಥಿ ಕೆಟ್ಟಿತೋ? ರೋಗವಿದ್ದೂ ಗ್ರಂಥಿ ಸರಿಯಾಗಿದ್ದರೆ ಆಗೇನು ಹೇಳುವುದು?

ಈ ಪ್ರಶ್ನೆಯ ಹೊತ್ತಿಗೆ ವಿಯೆನ್ನಾದಲ್ಲಿ ಒಬ್ಬ ಮನುಷ್ಯ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ. ಹೆಸರು ಯಾಕೋಬ್ ಎರ್ಡ್‌ಹೈಮ್. ಹುಟ್ಟಿದ್ದು 1874ರಲ್ಲಿ, ಬೋರಿಸ್ಲಾವ್ ಎಂಬ ಎಣ್ಣೆಬಾವಿಗಳ ಊರಿನಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಗಲೀಷಿಯಾ, ಈಗ ಉಕ್ರೇನಿನಲ್ಲಿದೆ. ಯಹೂದಿ ಮನೆತನದವನು. ಓದಲು ದೂರದ ವಿಯೆನ್ನಾಕ್ಕೆ ಬಂದು, 1900ರಲ್ಲಿ ಡಾಕ್ಟರಾಗಿ, ಅಲ್ಲೇ ಉಳಿದುಬಿಟ್ಟ. ನಮ್ಮ ಹಾಗೆಯೇ. ರೋಗಿಗಳಿಗೆ ಔಷಧಿ ಬರೆದುಕೊಡುವ ಡಾಕ್ಟರಲ್ಲ ಇವನು. ಸತ್ತವರ ದೇಹದಲ್ಲಿ ರೋಗದ ಮೂಲ ಹುಡುಕುವ ಪೆಥಾಲಜಿಸ್ಟ್.

1904ರಲ್ಲಿ ಎರ್ಡ್‌ಹೈಮ್ ಒಂದು ದೊಡ್ಡ ಪ್ರಬಂಧ ಬರೆದ. ಪಿಟ್ಯುಟರಿಯ ಹತ್ತಿರ ಬೆಳೆಯುವ ಒಂದು ಬಗೆಯ ಗೆಡ್ಡೆಗಳು ಗ್ರಂಥಿಯ ಕೋಶಗಳಿಂದಲ್ಲ, ಭ್ರೂಣದ ಆ ಹಳೆಯ ದಾರಿಯ ಅವಶೇಷಗಳಿಂದ ಹುಟ್ಟುತ್ತವೆ ಎಂದು ವಾದಿಸಿದ. ಇಂದು ಅವಕ್ಕೆ ಕ್ರೇನಿಯೋಫ್ಯಾರಿಂಜಿಯೋಮ ಎಂದು ಹೆಸರು. ಕಪಾಲದಿಂದ ಗಂಟಲಿಗೆ ಇದ್ದ ದಾರಿ ಆ ಹೆಸರಿನಲ್ಲೇ ಇದೆ, ನೋಡಿ. ಐದು ವರ್ಷದ ನಂತರ, 1909ರಲ್ಲಿ, ಇನ್ನೊಂದು ಪ್ರಬಂಧ. ಚಿಕ್ಕದು, ಎಂಟು ಪುಟದ್ದು. ಅಸಾಮಾನ್ಯ ಜಾಗದಲ್ಲಿ ಕೂತ ಪಿಟ್ಯುಟರಿ ಗೆಡ್ಡೆಯೊಂದರ ಬಗ್ಗೆ. ಗೆಡ್ಡೆ ಇದ್ದದ್ದು ಜೀನಿನ ಮೇಲಲ್ಲ, ಜೀನಿನ ಕೆಳಗೆ, ಸ್ಫೀನಾಯ್ಡ್ ಮೂಳೆಯೊಳಗೆ. ಪಿಟ್ಯುಟರಿಯ ಗೆಡ್ಡೆ ಪಿಟ್ಯುಟರಿಯ ಹೊರಗೂ ಹುಟ್ಟಬಹುದು ಎಂದು ಜಗತ್ತಿಗೆ ಗೊತ್ತಾದದ್ದು ಆಗ. ನನ್ನ ಅಕ್ಕನ ಕಾಯಿಲೆಯ ಚರಿತ್ರೆ ಶುರುವಾಗುವುದು ಆ ಎಂಟು ಪುಟಗಳಿಂದ.

ಎರ್ಡ್‌ಹೈಮ್ ಮುಂದೆ ವಿಯೆನ್ನಾದ ಲೈನ್ಸ್ ಆಸ್ಪತ್ರೆಯಲ್ಲಿ ಪೆಥಾಲಜಿ ವಿಭಾಗದ ಮುಖ್ಯಸ್ಥನಾದ. ಅಮೆರಿಕದಿಂದ ಬಂದ ವಿಲಿಯಂ ಚೆಸ್ಟರ್ ಎಂಬ ಶಿಷ್ಯ 1930ರಲ್ಲಿ ಅವನ ಬಳಿ ಕೆಲಸ ಮಾಡಿ ವರದಿ ಮಾಡಿದ ಕಾಯಿಲೆಯೊಂದು ಇಬ್ಬರ ಹೆಸರಿನಲ್ಲೂ ಉಳಿದಿದೆ. 1937ರಲ್ಲಿ ಎರ್ಡ್‌ಹೈಮ್ ತೀರಿಕೊಂಡ. ಮರುವರ್ಷ ಹಿಟ್ಲರನ ಸೈನ್ಯ ವಿಯೆನ್ನಾಕ್ಕೆ ಬಂತು. ಬದುಕಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಲೂ ಭಯವಾಗುತ್ತದೆ.

*

ಇನ್ನು ಅಕ್ಕನ ಕಾಯಿಲೆಗೆ ಹೆಸರು ಕೊಟ್ಟವನು. ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ 1912ರಲ್ಲಿ ಪಿಟ್ಯುಟರಿಯ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ದುಂಡು ಮುಖ, ದಪ್ಪ ಹೊಟ್ಟೆ, ಮೈಮೇಲೆ ಗೆರೆಗಳಿದ್ದ ಒಬ್ಬ ಯುವತಿಯ ವಿವರವಿತ್ತು. ಇಪ್ಪತ್ತು ವರ್ಷ ಬಿಟ್ಟು 1932ರಲ್ಲಿ, ಅಂಥ 12 ರೋಗಿಗಳ ವಿವರ ಸೇರಿಸಿ, ಇದಕ್ಕೆ ಕಾರಣ ಪಿಟ್ಯುಟರಿಯಲ್ಲಿರುವ ಪುಟ್ಟ ಗೆಡ್ಡೆ ಎಂದು ಹೇಳಿದ. ಗೆಡ್ಡೆ ಎಷ್ಟು ಪುಟ್ಟದೆಂದರೆ ಶವಪರೀಕ್ಷೆಯಲ್ಲೂ ಹುಡುಕಿ ನೋಡಬೇಕು. ಸಾಸಿವೆಯಷ್ಟು ಗೆಡ್ಡೆ ಇಡೀ ದೇಹವನ್ನು ಬದಲಾಯಿಸುತ್ತದೆ ಎಂದರೆ ಆಗ ಎಷ್ಟೋ ಜನ ನಂಬಲಿಲ್ಲ.

ಇಲ್ಲಿ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ, ಯಾಕೆಂದರೆ ನಾನೇ ಅದರಲ್ಲಿ ಸಿಕ್ಕಿಬಿದ್ದಿದ್ದೆ. ಪಿಟ್ಯುಟರಿಗೆ ಯಾವ ಸಂಬಂಧವೂ ಇಲ್ಲದ ಶ್ವಾಸಕೋಶದ ಗೆಡ್ಡೆಯೂ ಕೆಲವೊಮ್ಮೆ ಎಸಿಟಿಎಚ್ ತಯಾರಿಸುತ್ತದೆ. ಅಮೆರಿಕದ ಗ್ರಾಂಟ್ ಲಿಡ್ಲ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಇದನ್ನು ಸ್ಪಷ್ಟಪಡಿಸಿದರು. ಅದು ಬೇರೆಯವರು ನಮ್ಮ ಹೋಟೆಲಿನ ಬೋರ್ಡು ಕದ್ದು ಹಾಕಿಕೊಂಡ ಹಾಗೆ. ನಾನು ಹೇಳುತ್ತಿರುವುದು ಅದಲ್ಲ. ಇದು ಅಸಲಿ ಪಿಟ್ಯುಟರಿ ಕೋಶವೇ, ವಿಳಾಸ ಮಾತ್ರ ಬೇರೆ. ಎರಡರ ಹುಡುಕಾಟವೂ ಬೇರೆ, ಚಿಕಿತ್ಸೆಯೂ ಬೇರೆ. ಅದಕ್ಕೇ 1980ರ ದಶಕದಿಂದ ತೊಡೆಯ ಸಂದಿನ ರಕ್ತನಾಳದಿಂದ ತೆಳುವಾದ ನಳಿಕೆಯನ್ನು ತಲೆಬುರುಡೆಯ ಬುಡದವರೆಗೆ ಒಯ್ದು, ಅಲ್ಲಿನ ಸಿರೆಗಳ ರಕ್ತವನ್ನೂ ಕೈಯ ರಕ್ತವನ್ನೂ ಹೋಲಿಸಿ ನೋಡುವ ಪರೀಕ್ಷೆ ಬಳಕೆಗೆ ಬಂತು. ಅಕ್ಕನಿಗೂ ಅದನ್ನು ಮಾಡಿದರು. ಎಸಿಟಿಎಚ್ ಬರುತ್ತಿದ್ದದ್ದು ತಲೆಯ ಕಡೆಯಿಂದಲೇ. ಆದರೆ ಗ್ರಂಥಿಯಲ್ಲಿ ಏನೂ ಇಲ್ಲ. ಹಾಗಾದರೆ ಎಲ್ಲಿ? ದಾರಿಯಲ್ಲಿ.

*

ಆಪರೇಷನ್ನಿನ ಚರಿತ್ರೆ ಇನ್ನೂ ಸ್ವಾರಸ್ಯಕರ. ಪಿಟ್ಯುಟರಿಗೆ ಹೋಗಲು ತಲೆಬುರುಡೆ ತೆರೆದು ಮಿದುಳನ್ನು ಎತ್ತಿ ಹಿಡಿಯಬೇಕು. ಆ ಕಾಲಕ್ಕೆ ಅದು ಪ್ರಾಣಾಪಾಯದ ಕೆಲಸ. 1907ರಲ್ಲಿ ಇನ್ಸ್‌ಬ್ರುಕ್ಕಿನ ಹರ್ಮನ್ ಶ್ಲೋಫರ್ ಮೂಗಿನ ಕಡೆಯಿಂದ, ಸ್ಫೀನಾಯ್ಡ್ ಮೂಳೆಯನ್ನು ದಾಟಿ ಗ್ರಂಥಿಯನ್ನು ಮುಟ್ಟಿದ. ಅದಕ್ಕೆ ಮೂಗನ್ನೇ ಬದಿಗೆ ಸರಿಸಬೇಕಾಗಿತ್ತು, ಮುಖದ ಮೇಲೆ ಕಲೆ ಉಳಿಯುತ್ತಿತ್ತು. 1910ರಲ್ಲಿ ವಿಯೆನ್ನಾದ ಕಿವಿ ಮೂಗು ಗಂಟಲು ವೈದ್ಯ ಓಸ್ಕರ್ ಹಿರ್ಶ್ ಮೂಗಿನ ಹೊಳ್ಳೆಯ ಮೂಲಕವೇ ಹೋದ. ಹೊರಗೆ ಒಂದು ಗಾಯವೂ ಇಲ್ಲ. ಅದೇ ಸುಮಾರಿಗೆ ಕುಶಿಂಗ್ ಮೇಲ್ತುಟಿಯ ಒಳಗಿನಿಂದ ದಾರಿ ಮಾಡಿಕೊಂಡ.

ಗಮನಿಸಿದಿರಾ? ಭ್ರೂಣದಲ್ಲಿ ಗ್ರಂಥಿ ಹತ್ತಿದ ದಾರಿಯ ಆಸುಪಾಸಿನಲ್ಲೇ ಚಾಕು ಹಿಡಿದವರೂ ಹತ್ತಿದರು. ಬಾಯಿ ಮೂಗಿನಿಂದ ಮಿದುಳಿನ ಬುಡಕ್ಕೆ. ಗೇಲನ್‌ನ ಮೋರಿ ಮೂರನೇ ಸಲ ತೆರೆಯಿತು!

ಆದರೆ ಆ ದಾರಿ ಮತ್ತೆ ಮುಚ್ಚಿಹೋಗುವುದರಲ್ಲಿತ್ತು. ನೂರಾರು ಜನರಿಗೆ ಹೀಗೆ ಆಪರೇಷನ್ ಮಾಡಿದ ಕುಶಿಂಗ್ 1920ರ ದಶಕದ ಕೊನೆಯ ಹೊತ್ತಿಗೆ ಇದನ್ನು ಬಿಟ್ಟು ತಲೆಬುರುಡೆ ತೆರೆಯುವ ವಿಧಾನಕ್ಕೆ ಮರಳಿದ. ದೊಡ್ಡವರು ಬಿಟ್ಟದ್ದನ್ನು ಉಳಿದವರೂ ಬಿಟ್ಟರು. ಬಿಡದೆ ಹಿಡಿದುಕೊಂಡವರು ಬೆರಳೆಣಿಕೆಯಷ್ಟು ಜನ. ಒಬ್ಬ ಹಿರ್ಶ್. ಅವನೂ ಯಹೂದಿ. 1938ರಲ್ಲಿ ಎಲ್ಲಾ ಬಿಟ್ಟು ವಿಯೆನ್ನಾದಿಂದ ಓಡಿಹೋಗಿ ಅಮೆರಿಕದ ಬಾಸ್ಟನ್ ಸೇರಿದ. ಅರವತ್ತು ದಾಟಿದ ವಯಸ್ಸಿನಲ್ಲಿ ಹೊಸ ದೇಶ. ತನ್ನ ವಿಧಾನವನ್ನು ಅಲ್ಲೂ ಬಿಡಲಿಲ್ಲ. ಇನ್ನೊಬ್ಬ ನಾರ್ಮನ್ ಡಾಟ್. ಕುಶಿಂಗ್‌ನ ಬಳಿ ಕಲಿತು ಎಡಿನ್‌ಬರೋಗೆ ಹಿಂತಿರುಗಿದವನು, ಗುರು ಬಿಟ್ಟರೂ ಇವನು ಬಿಡಲಿಲ್ಲ. ಡಾಟ್‌ನನ್ನು ನೋಡಿ ಪ್ಯಾರಿಸಿನ ಜೆರಾರ್ ಗಿಯೋ ಕಲಿತ. ಗಿಯೋನಿಂದ ಕೆನಡಾದ ಜೂಲ್ಸ್ ಹಾರ್ಡಿ ಕಲಿತ. 1960ರ ದಶಕದಲ್ಲಿ ಹಾರ್ಡಿ ಈ ಆಪರೇಷನ್ನಿಗೆ ಸೂಕ್ಷ್ಮದರ್ಶಕ ತಂದ. ಆರೋಗ್ಯವಂತ ಗ್ರಂಥಿಯನ್ನು ಉಳಿಸಿ ಸಾಸಿವೆಯಷ್ಟು ಗೆಡ್ಡೆಯನ್ನು ಮಾತ್ರ ತೆಗೆಯಬಹುದು ಎಂದು ತೋರಿಸಿದ. ಕುಶಿಂಗ್ 1932ರಲ್ಲಿ ಹೇಳಿದ್ದು ಸರಿ ಎಂದು ಬದುಕಿರುವ ರೋಗಿಗಳಲ್ಲೇ ಸಾಬೀತಾಯಿತು. ಒಬ್ಬರ ಕೈಯಿಂದ ಒಬ್ಬರ ಕೈಗೆ, ನಾಲ್ಕು ದೇಶ ದಾಟಿ ಬಂದ ವಿದ್ಯೆ ಇದು. ಮಧ್ಯೆ ಒಬ್ಬರು ಕೈಬಿಟ್ಟಿದ್ದರೆ ಇನ್ನೆಷ್ಟು ವರ್ಷ ಕಾಯಬೇಕಿತ್ತೋ.

ಹುಡುಕುವ ಕಣ್ಣೂ ಬೆಳೆಯಿತು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ಆಯಿತು, 1980ರ ದಶಕದಲ್ಲಿ ಎಂ.ಆರ್.ಐ. ಬಂತು. ಜೊತೆಗೆ ಗೆಡ್ಡೆಯ ಚೂರಿಗೆ ವಿಶೇಷ ಬಣ್ಣ ಹಾಕಿ ಯಾವ ಹಾರ್ಮೋನು ಮಾಡುವ ಕೋಶ ಎಂದು ಗುರುತಿಸುವ ವಿಧಾನವೂ ಬಂತು. ಇದು ಬಹಳ ಮುಖ್ಯ. ಮೂಗಿನ ಹಿಂದೆ ಸಿಕ್ಕ ಗೆಡ್ಡೆಯನ್ನು ಪಿಟ್ಯುಟರಿಯದು ಎಂದು ಯಾರು ಊಹಿಸುತ್ತಾರೆ? ಬಣ್ಣ ಹಾಕಿ ನೋಡದಿದ್ದರೆ ಅಲ್ಲಿನ ಬೇರೆ ಕ್ಯಾನ್ಸರೆಂದು ತಪ್ಪು ತಿಳಿದು ಭಾರೀ ಚಿಕಿತ್ಸೆ ಕೊಡುವ ಅಪಾಯವಿದೆ. 1909ರಿಂದ ಈವರೆಗೆ ವೈದ್ಯಪತ್ರಿಕೆಗಳಲ್ಲಿ ವರದಿಯಾದ ಇಂಥ ಗೆಡ್ಡೆಗಳು ನೂರುಗಳ ಲೆಕ್ಕದಲ್ಲಿವೆ, ಸಾವಿರಗಳಲ್ಲಲ್ಲ. ಸ್ಫೀನಾಯ್ಡ್ ಮೂಳೆಯೊಳಗಿನ ಗಾಳಿಕೋಣೆ, ಅಂದರೆ ಸೈನಸ್, ಮತ್ತು ಜೀನಿನ ಮೇಲ್ಭಾಗ, ಇವೆರಡು ಕಡೆ ಹೆಚ್ಚು ಸಿಕ್ಕಿವೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಪಿಟ್ಯುಟರಿ ಗೆಡ್ಡೆಗಳಿಗೆ 'ಅಡಿನೋಮ' ಎಂಬ ಹಳೆಯ ಹೆಸರಿನ ಬದಲು ಹೊಸ ಉದ್ದನೆಯ ಹೆಸರನ್ನೇ ಕೊಟ್ಟಿದೆ. ಹೆಸರು ಬದಲಾದರೂ ವೀಟಿ ವೀಟಿಯೇ.

*

ಅಕ್ಕನ ಎಂ.ಆರ್.ಐ.ಗೆ ಬರುತ್ತೇನೆ. ಆ ಯುವ ಡಾಕ್ಟರು ತೋರಿಸಿದ ಮೇಲೆ ನಮಗೂ ಕಂಡಿತು. ಸ್ಫೀನಾಯ್ಡ್ ಸೈನಸಿನೊಳಗೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಉಂಡೆ. ಎರಡೂ ಹಳೆಯ ಚಿತ್ರಗಳಲ್ಲಿ ಅದು ಇತ್ತು! ಒಂದು ವರದಿಯ ಕೊನೆಯ ಸಾಲಿನಲ್ಲಿ "ಸೈನಸಿನಲ್ಲಿ ಸಣ್ಣ ಪಾಲಿಪ್" ಎಂದು ಬರೆದೂ ಇದ್ದರು. ಮುಂಬಯಿ ಧೂಳಿನಲ್ಲಿ ಯಾರ ಸೈನಸಿನಲ್ಲಿ ಏನಿಲ್ಲ ಹೇಳಿ? ಯಾರೂ ಆ ಸಾಲಿಗೆ ಬೆಲೆ ಕೊಡಲಿಲ್ಲ. ಎಲ್ಲರೂ ಜೀನಿನ ಮೇಲೆ ಕುದುರೆ ಸವಾರನನ್ನು ಹುಡುಕಿದರು. ಅವನು ಜೀನಿನ ಕೆಳಗೆ ಕೂತಿದ್ದ.

ನಾನು ಯಾರನ್ನೂ ದೂರುವುದಿಲ್ಲ. ಲಕ್ಷಕ್ಕೊಬ್ಬರಿಗೂ ಬಾರದ ಕಾಯಿಲೆ. ವರದಿ ಬರೆದವರಿಗೆ ಕೇಳಿದ ಪ್ರಶ್ನೆ "ಪಿಟ್ಯುಟರಿ ಹೇಗಿದೆ?" ಅಂತ. ಅವರು ಉತ್ತರ ಸರಿಯಾಗಿಯೇ ಕೊಟ್ಟರು. ಲೆಡ್ಜರಿನಲ್ಲೂ ಹೀಗೆಯೇ. ಲೆಕ್ಕ ತಾಳೆಯಾಗದಾಗ ನಾವು ಅದೇ ಪುಟವನ್ನು ಹತ್ತು ಸಲ ಕೂಡುತ್ತೇವೆ. ತಪ್ಪು ಇರುವುದು ಹಿಂದಿನ ಪುಟದಿಂದ ತಂದ ಮೊತ್ತದಲ್ಲಿ.

ಆಪರೇಷನ್ ಆದದ್ದು 2014ರ ಜನವರಿಯಲ್ಲಿ. ಮೂಗಿನ ಮೂಲಕವೇ, ಹಿರ್ಶ್ ಹೋದ ದಾರಿಯಲ್ಲೇ, ಆದರೆ ಕ್ಯಾಮರಾ ಇರುವ ದುರ್ಬೀನು ಹಿಡಿದು. ಪಿಟ್ಯುಟರಿಯನ್ನು ಮುಟ್ಟಲೇ ಇಲ್ಲ. ತೆಗೆದ ಉಂಡೆಗೆ ಬಣ್ಣ ಹಾಕಿ ನೋಡಿದರು: ಎಸಿಟಿಎಚ್ ಮಾಡುವ ಪಿಟ್ಯುಟರಿ ಕೋಶಗಳು. ಮೂರನೇ ದಿನಕ್ಕೆ ಅಕ್ಕನ ಕಾರ್ಟಿಸೋಲ್ ಪಾತಾಳಕ್ಕಿಳಿಯಿತು. ನಾವು ಗಾಬರಿಯಾದರೆ ಡಾಕ್ಟರು ಪೇಡಾ ಹಂಚುವುದೊಂದು ಬಾಕಿ! ಕಾರ್ಟಿಸೋಲ್ ಬಿದ್ದರೆ ಗೆಡ್ಡೆ ಪೂರ್ತಿ ಹೋಗಿದೆ ಎಂದರ್ಥವಂತೆ. ಇಷ್ಟು ವರ್ಷ ಸುಮ್ಮನೆ ಕೂತಿದ್ದ ಅಸಲಿ ಪಿಟ್ಯುಟರಿ ಎದ್ದು ಕೆಲಸಕ್ಕೆ ಹಾಜರಾಗಲು ಒಂದು ವರ್ಷ ಬೇಕಾಯಿತು. ಅಲ್ಲಿಯವರೆಗೆ ಮಾತ್ರೆ. ಮೈಕೈ ನೋವು, ಸುಸ್ತು, ಅಳು ಎಲ್ಲಾ ಇತ್ತು. ಆಮೇಲೆ ನಿಧಾನವಾಗಿ ಬಿ.ಪಿ. ಇಳಿಯಿತು, ಸಕ್ಕರೆ ಹತೋಟಿಗೆ ಬಂತು. ಬಿರುಕು ಬಿಟ್ಟ ಬೆನ್ನು ಮಾತ್ರ ಮೊದಲಿನ ಹಾಗಾಗಲಿಲ್ಲ. ಇಂದಿಗೂ ಹೆಚ್ಚು ಹೊತ್ತು ಕೂರಲಾರಳು. ತಡವಾದದ್ದಕ್ಕೆ ತೆತ್ತ ಬೆಲೆ ಅದು.

ಎರ್ಡ್‌ಹೈಮ್, ರಾಟ್ಕೆ, ಹಿರ್ಶ್ ಎಲ್ಲರ ಕಥೆಯನ್ನೂ ಅಕ್ಕನಿಗೆ ಹೇಳಿದ್ದೆ. ಹೋಟೆಲಿನ ಹೋಲಿಕೆ ಕೇಳಿ ಬಹಳ ನಕ್ಕಳು. "ಹಾಗಾದರೆ ನನ್ನ ಮೂಗಿನ ಹಿಂದೆ ಒಬ್ಬ ಹೋಟೆಲು ಇಟ್ಟಿದ್ದ ಅನ್ನು! ಗಿರಾಕಿ ಇಲ್ಲದಿದ್ದರೂ ರಾತ್ರಿ ಹಗಲು ದೋಸೆ ಹುಯ್ಯುತ್ತಿದ್ದ" ಅಂದಳು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಎಂಟು ಪುಟ ಬರೆದವನಿಗೆ ಮಕ್ಕಳುಮರಿ ಇದ್ದರಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಓದುಗರಲ್ಲಿ ಒಂದು ಮಾತು. ಇದನ್ನು ಓದಿ ನಾಳೆಯೇ ಎಲ್ಲರೂ ಎಂ.ಆರ್.ಐ. ಮಾಡಿಸಲು ಓಡಬೇಡಿ. ದಪ್ಪಗಿರುವವರೆಲ್ಲಾ ಕುಶಿಂಗ್ ರೋಗಿಗಳಲ್ಲ, ಕುಶಿಂಗ್ ಆದವರಲ್ಲೂ ಗೆಡ್ಡೆ ದಾರಿಯಲ್ಲಿ ಇರುವುದು ತೀರಾ ಅಪರೂಪ. ಆದರೆ ಮನೆಯಲ್ಲಿ ಯಾರಿಗಾದರೂ ಮುಖ ದುಂಡಗಾಗಿ, ಕೈಕಾಲು ಸೊರಗಿ, ನೇರಳೆ ಗೆರೆ ಮೂಡಿ, ಬಿ.ಪಿ. ಸಕ್ಕರೆ ಒಟ್ಟಿಗೇ ಬಂದರೆ, "ಕದ್ದು ತಿನ್ನುತ್ತಾಳೆ" ಅನ್ನುವ ಮೊದಲು ಹಾರ್ಮೋನಿನ ಡಾಕ್ಟರಿಗೆ ಒಮ್ಮೆ ತೋರಿಸಿ. ಮತ್ತು ವರದಿಯ ಕಾಗದದ ಜೊತೆ ಚಿತ್ರಗಳ ಸಿ.ಡಿ.ಯನ್ನೂ ಜೋಪಾನವಾಗಿಡಿ. ನ್ಯಾಯವಾಗಿ ಈ ಸಲಹೆ ಕೊಡುವ ಯೋಗ್ಯತೆ ನನಗಿಲ್ಲ, ಆದರೆ ಕೊಡದಿದ್ದರೆ ಅಕ್ಕ ಬಿಡುವುದಿಲ್ಲ.

2016ರ ರಥೋತ್ಸವಕ್ಕೆ ಅಕ್ಕನನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಈಗ ರೈಲಿದೆ, ಬೆನ್ನಿಗೆ ದಿಂಬು ಕೊಟ್ಟು ಮಲಗಿಸಿಕೊಂಡೇ ಹೋಗಬಹುದು. ತೇರು ಬೀದಿಯಲ್ಲಿ, ಅಂದು ಹುಣ್ಣಿಮೆ ಚಂದ್ರ ಅಂದಿದ್ದ ಅದೇ ಚಿಕ್ಕಮ್ಮ ಎದುರಾದರು. ಅಕ್ಕನ ಗಲ್ಲ ಹಿಡಿದು ನೋಡಿ, "ಅಯ್ಯೋ, ಎಂತ ಹೀಗೆ ಸೊರಗಿದ್ದಿ ಮಗಾ? ಮುಂಬಯಿಯಲ್ಲಿ ಹೊಟ್ಟೆಗೆ ಸರಿಯಾಗಿ ತಿನ್ನುವುದಿಲ್ಲವಾ?" ಅಂದರು.

ಅಕ್ಕ ನನ್ನ ಮುಖ ನೋಡಿದಳು. ಇಬ್ಬರೂ ನಗಲು ಶುರುಮಾಡಿದವರು ತೇರು ಮುಂದೆ ಹೋಗುವವರೆಗೂ ನಿಲ್ಲಿಸಲಿಲ್ಲ.